ಹಣಕಾಸು ಶಾಖೆಯ ಬಾಗಿಲಿಗೆ ಎರಡು ಬೀಗ

ಮಾನ್ಯ ಅಧ್ಯಕ್ಷರೇ, ಮತ್ತು ಅಷ್ಟೇ ಮಾನ್ಯರಾದ ಮುಖ್ಯಾಧಿಕಾರಿಗಳೇ,

ನನ್ನ ಅಕ್ಕನಿಗೆ ಬರಬೇಕಾದ ಕೃತಕ ಕಾಲು ಜಿಲ್ಲಾ ಮಂಡಳಿಯ ಹಣಕಾಸು ಶಾಖೆಯಲ್ಲಿ, ನಿಮ್ಮಿಬ್ಬರ ಜಗಳದ ನಡುವೆ ಸಿಕ್ಕಿಕೊಂಡು ನಾಲ್ಕು ತಿಂಗಳಾಯಿತು. ಅದನ್ನು ಬಿಡಿಸಿಕೊಡಿ ಎಂದು ಕೇಳಲು ಈ ಪತ್ರ. ನಿಮ್ಮಲ್ಲಿ ಯಾರನ್ನು ಮೊದಲು ಸಂಬೋಧಿಸಬೇಕೆಂದು ತೋಚದೆ ಎರಡು ದಿನ ಕಳೆದೆ. ಕೊನೆಗೆ ಅಕ್ಷರಮಾಲೆಯಲ್ಲಿ ಮೊದಲು ಬರುವವರನ್ನು ಮೊದಲು ಬರೆದಿದ್ದೇನೆ, ಇದರಲ್ಲಿ ಬೇರೆ ಅರ್ಥ ಹುಡುಕಬೇಡಿ. ಪತ್ರವನ್ನು ಒಬ್ಬರ ಕಚೇರಿಗೆ ಕೊಟ್ಟರೆ ಇನ್ನೊಬ್ಬರು ಮುಟ್ಟುವುದಿಲ್ಲ. ಪತ್ರಿಕೆಯಲ್ಲಿ ಬಂದರೆ ಇಬ್ಬರೂ ಓದುತ್ತೀರಿ, ಇನ್ನೊಬ್ಬರಿಗೆ ನಾನು ಎಷ್ಟು ಬೈದಿದ್ದೇನೆ ಎಂದು ನೋಡುವುದಕ್ಕಾದರೂ.

ನಾನು ನಿಮಗೆ ಅಪರಿಚಿತನಲ್ಲ. ನಿಮ್ಮ ಕಚೇರಿಯ ಎದುರು ಸಾಲಿನಲ್ಲಿ, ಜೆರಾಕ್ಸ್ ಅಂಗಡಿಗೆ ಅಂಟಿಕೊಂಡಿರುವ ಗೂಡಿನಲ್ಲಿ ಬೀಗ ರಿಪೇರಿ ಮಾಡುವವನು. ಈ ವರ್ಷ ಹಣಕಾಸು ಶಾಖೆಯ ಒಂದೇ ಬಾಗಿಲಿಗೆ ಐದು ಬೀಗ ಹಾಕಿದ್ದೇನೆ. ಮೊದಲನೆಯದು ಅಧ್ಯಕ್ಷರದು, "ನನ್ನ ಕಣ್ಣು ತಪ್ಪಿಸಿ ಫೈಲುಗಳು ಓಡಾಡುತ್ತಿವೆ" ಎಂಬ ಅನುಮಾನಕ್ಕೆ. ಎಂಟು ದಿನಕ್ಕೆ ಅದನ್ನು ಕಿತ್ತು ಎರಡನೆಯದನ್ನು ಹಾಕಿದ್ದು ಅಧಿಕಾರಿಗಳ ಅಪ್ಪಣೆಯಂತೆ, "ದಾಖಲೆಗಳ ಸುರಕ್ಷತೆಗಾಗಿ". ಮೂರನೆಯದು ಮತ್ತೆ ಅಧ್ಯಕ್ಷರದು, ನಾಲ್ಕನೆಯದು ಮತ್ತೆ ಅಧಿಕಾರಿಗಳದು. ಐದನೆಯದರ ವಿಷಯಕ್ಕೆ ಆಮೇಲೆ ಬರುತ್ತೇನೆ, ಅದನ್ನು ಬರೆಯಲು ನನಗೆ ಸ್ವಲ್ಪ ಧೈರ್ಯ ಬೇಕು.

ಈ ಹಗ್ಗಜಗ್ಗಾಟ ಯಾತಕ್ಕೆ ಎಂದು ಊರಿನವರು ನನ್ನನ್ನು ಕೇಳುತ್ತಾರೆ. ಬಜೆಟ್ಟನ್ನು ಮಂಡಳಿ ಅಂಗೀಕರಿಸಿ ಎಷ್ಟೋ ಕಾಲವಾಗಿದೆ. ಯಾವ ಕೆಲಸಕ್ಕೆ ಎಷ್ಟು ಎನ್ನುವುದರಲ್ಲಿ ನಿಮಗೆ ತಕರಾರಿಲ್ಲ. ತಕರಾರಿರುವುದು ಹಣ ಬಿಡುಗಡೆ ಮಾಡುವ ಆದೇಶಕ್ಕೆ ಕೊನೆಯ ಸಹಿ ಯಾರದು ಎನ್ನುವುದರಲ್ಲಿ. ನಿಯಮದಲ್ಲಿ ಇಬ್ಬರ ಸಹಿಯೂ ಬೇಕೆಂದಿದೆಯಂತೆ, ಕ್ರಮ ಹೇಳಿಲ್ಲವಂತೆ. ಜನ ಆರಿಸಿದವನು ನಾನು, ಕೊನೆಯ ಮಾತು ನನ್ನದು ಎಂದು ಅಧ್ಯಕ್ಷರು. ನಾಳೆ ಹೆಚ್ಚುಕಡಿಮೆಯಾದರೆ ಉತ್ತರ ಕೊಡಬೇಕಾದವನು ನಾನು, ಕೊನೆಯ ಸಹಿ ನನ್ನದು ಎಂದು ಅಧಿಕಾರಿಗಳು. ಕೊನೆಗೆ ಸಹಿ ಹಾಕಲು ಇಬ್ಬರೂ ಕಾದು ಕೂತಿರುವುದರಿಂದ ಮೊದಲು ಹಾಕುವವರು ಯಾರೂ ಇಲ್ಲ. ಇಷ್ಟು ಓದಿದವರಿಗೆ ಇಷ್ಟು ಸಣ್ಣ ಲೆಕ್ಕ ತಪ್ಪುವುದು ಹೇಗೆ ಎಂದು ನನಗೆ ಇನ್ನೂ ಬಗೆಹರಿದಿಲ್ಲ.

ಅಕ್ಕನ ವಿಷಯ ಹೇಳುತ್ತೇನೆ. ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಇಪ್ಪತ್ತನಾಲ್ಕು ವರ್ಷದಿಂದ ಬಟ್ಟೆ ಕತ್ತರಿಸುವವಳು. ನಲವತ್ತು ಪದರ ಬಟ್ಟೆಯನ್ನು ಒಟ್ಟಿಗೆ ಹಾಸಿ, ಮೇಜಿನ ಉದ್ದಕ್ಕೂ ನಡೆಯುತ್ತಾ ಯಂತ್ರದಿಂದ ಕತ್ತರಿಸುವ ಕೆಲಸ. ಕಳೆದ ವರ್ಷ ಕಾರ್ಖಾನೆಯ ಅಂಗಳದಲ್ಲಿ ಹಿಂದಕ್ಕೆ ಬರುತ್ತಿದ್ದ ಲಾರಿ ಅವಳ ಎಡಗಾಲಿನ ಮೇಲೆ ಹತ್ತಿತು. ಮೊಣಕಾಲಿನ ಕೆಳಗೆ ತೆಗೆಯಬೇಕಾಯಿತು. ಕೂತು ಮಾಡುವ ಕೆಲಸ ಕೇಳಬಾರದೇ ಎಂದೆ. "ಕೂತ್ಕೊಂಡು ಹೆಚ್ಚೋಕೆ ಅದೇನು ತರಕಾರಿನೇನೋ? ಗುಂಡಿ ಹಚ್ಚೋ ಕಡೆ ಹಾಕ್ತೀವಿ ಅಂದ್ರು, ಸಂಬಳ ಅರ್ಧ. ನಾನು ಕಲಿತಿರೋದು ಒಂದೇ ಕೆಲಸ ಕಣೋ," ಎಂದಳು. ಕಾರ್ಖಾನೆಯವರು ಅವಳ ಜಾಗವನ್ನು ಈ ತಿಂಗಳ ಕೊನೆಯವರೆಗೆ ಮಾತ್ರ ಉಳಿಸಿಕೊಳ್ಳುವುದಾಗಿ ಬರೆದುಕೊಟ್ಟಿದ್ದಾರೆ. ಆಮೇಲೆ ಆ ಮೇಜಿಗೆ ಬೇರೆಯವರು.

ಜಿಲ್ಲಾ ಆಸ್ಪತ್ರೆಯ ಹಿಂಭಾಗದಲ್ಲಿ ಕೃತಕ ಅಂಗಗಳನ್ನು ಮಾಡುವ ಕಾರ್ಯಾಗಾರವಿದೆ. ಅಲ್ಲಿನ ಹಿರಿಯ ಕುಶಲಕರ್ಮಿಯನ್ನು ಎಲ್ಲರೂ ಕಾಲು ಮೇಷ್ಟ್ರು ಎನ್ನುತ್ತಾರೆ. ಅವರು ನಾಲ್ಕು ತಿಂಗಳ ಹಿಂದೆಯೇ ಪ್ಲಾಸ್ಟರ್ ಸುತ್ತಿ ಅಕ್ಕನ ಅಳತೆಯ ಅಚ್ಚು ತೆಗೆದಿಟ್ಟರು. ಕೃತಕ ಪಾದ ಬಂದಿತ್ತು. ಕಾಲನ್ನು ಹಿಡಿದುಕೊಳ್ಳುವ ಬಟ್ಟಲಿನಂಥ ಭಾಗಕ್ಕೆ ಬೇಕಾದ ಪ್ಲಾಸ್ಟಿಕ್ ಹಾಳೆ ಮಾತ್ರ ಬಾಕಿ. ಅದನ್ನು ತರಿಸುವ ಆದೇಶ ನಿಮ್ಮ ಶಾಖೆಯಲ್ಲಿದೆ. "ಹಾಳೆ ಕೊಡಿ, ಹತ್ತು ದಿನ ಸಾಕು. ಆಮೇಲೆ ನಡಿಗೆ ಕಲಿಯೋಕೆ ಒಂದು ವಾರ," ಎಂದು ಮೇಷ್ಟ್ರು ಹೇಳುತ್ತಲೇ ಇದ್ದಾರೆ. ಅವರ ಕಪಾಟಿನಲ್ಲಿ ಹತ್ತೊಂಬತ್ತು ಅಚ್ಚುಗಳು ಸಾಲಾಗಿ ನಿಂತಿವೆ. ಒಂದು ತೀರಾ ಚಿಕ್ಕದು, ಯಾರದೆಂದು ಕೇಳುವ ಮನಸ್ಸಾಗಲಿಲ್ಲ.

ಆ ಆದೇಶದ ಫೈಲನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಾಲ್ಕನೆಯ ಬೀಗ ಹಾಕಲು ಹೋದಾಗ ಬಲಗಡೆಯ ಮೇಜಿನ ಮೇಲೆ, ಹಸಿರು ದಾರ ಕಟ್ಟಿಕೊಂಡು ಮೇಲೆಯೇ ಇತ್ತು. ಜೊತೆಗಿದ್ದ ಜವಾನರು ತೆರೆದು ತೋರಿಸಿದರು. ಪಟ್ಟಿಯಲ್ಲಿ ಅಕ್ಕ ಹನ್ನೊಂದನೆಯವಳು. ಕೆಳಗೆ ಗುಮಾಸ್ತರೊಬ್ಬರು ಪೆನ್ಸಿಲಿನಲ್ಲಿ ಎರಡು ಗುರುತು ಹಾಕಿದ್ದರು, ಸಾಹೇಬರಿಗೆ ಸಹಿಯ ಜಾಗ ಹುಡುಕುವ ತೊಂದರೆ ತಪ್ಪಲಿ ಎಂದು. ಎರಡೂ ಖಾಲಿ. "ಈ ಕೋಣೆಯಲ್ಲಿ ಇಂಥದು ನೂರಿವೆ ಮಾರಾಯ, ಒಂದನ್ನೇ ನೋಡಿ ಯಾಕೆ ಕಣ್ಣು ತುಂಬಿಸ್ಕೋತೀಯ?" ಎಂದರು ಜವಾನರು. ನಾನು ಬಾಗಿಲೆಳೆದು ಬೀಗ ಹಾಕಿ ಬಂದೆ. ನನ್ನ ಕೈಯಿಂದಲೇ, ನನ್ನ ಅಕ್ಕನ ಕಾಲಿಗೆ.

ಇನ್ನು ಐದನೆಯ ಬೀಗ. ಮೂರು ವಾರದ ಹಿಂದೆ ಅಧ್ಯಕ್ಷರ ಆಪ್ತ ಸಹಾಯಕರು ಹೊಸ ಬೀಗ ಹಿಡಿದು, "ಆ ಬೀಗ ತೆಗೆದು ಇದನ್ನು ಹಾಕು," ಎಂದು ಕರೆದೊಯ್ದರು. ಅಲ್ಲಿ ಅಧಿಕಾರಿಗಳ ಗುಮಾಸ್ತರು ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದರು. ಮುಕ್ಕಾಲು ಗಂಟೆ ನಾನಾ ನೀನಾ ಎಂದು ನಡೆಯಿತು. ನನಗೂ ರೇಗಿತು. "ನನ್ನ ಪ್ರಾಣ ತಿನ್ನಬೇಡಿ. ಆ ಬೀಗಾನೂ ಇರ್ಲಿ, ಈ ಬೀಗಾನೂ ಇರ್ಲಿ. ಇಬ್ರೂ ಬಂದ್ರೇನೇ ತೆಗೆಯೋ ಹಾಗೆ ಮಾಡಿಕೊಡ್ತೀನಿ," ಎಂದುಬಿಟ್ಟೆ. ಹಾಗಾದರೂ ನೀವಿಬ್ಬರೂ ಒಂದು ದಿನ ಒಂದೇ ಬಾಗಿಲಿಗೆ ಬರುತ್ತೀರಿ, ಮುಖ ನೋಡುತ್ತೀರಿ, ನಾಚಿಕೆಗಾದರೂ ಒಂದೆರಡು ಸಹಿ ಬೀಳುತ್ತದೆ ಎಂಬ ಭಾವನೆ ನನ್ನದು. ಇಬ್ಬರಿಗೂ ಫೋನು ಹೋಯಿತು. ಇಬ್ಬರೂ ಐದೇ ನಿಮಿಷದಲ್ಲಿ ಒಪ್ಪಿದಿರಿ. ನಾಲ್ಕು ತಿಂಗಳಲ್ಲಿ ನೀವಿಬ್ಬರೂ ಒಪ್ಪಿದ ಒಂದೇ ಒಂದು ವಿಷಯ ಅದು.

ಅಂದಿನಿಂದ ಆ ಬಾಗಿಲು ತೆರೆದಿಲ್ಲ. ತಾನು ಒಳಗೆ ಹೋಗದಿದ್ದರೆ ಏನಂತೆ, ಅವರೂ ಹೋಗುವಂತಿಲ್ಲವಲ್ಲ ಎಂದು ಇಬ್ಬರೂ ನೆಮ್ಮದಿಯಾಗಿದ್ದೀರಿ. ಶಾಖೆಯ ಗುಮಾಸ್ತರು ಹೊರಗೆ ಬೆಂಚಿನ ಮೇಲೆ ಕೂತು ಹಾಜರಿ ಹಾಕಿ ಮನೆಗೆ ಹೋಗುತ್ತಿದ್ದಾರೆ. ನಿಮ್ಮಿಬ್ಬರ ಸಂಬಳ ಮಾತ್ರ ಬೇರೆ ಕಟ್ಟಡದಿಂದ ಬರುತ್ತದೆ, ಅಲ್ಲಿನ ಬಾಗಿಲಿಗೆ ಬೀಗ ಹಾಕಲು ನನ್ನನ್ನು ಇದುವರೆಗೆ ಯಾರೂ ಕರೆದಿಲ್ಲ. ನನ್ನ ಐದು ಬೀಗದ ಕೂಲಿಯೂ ಆಯಾ ದಿನವೇ ಕೈಸೇರಿತು, "ತುರ್ತು ನಿರ್ವಹಣೆ" ಎಂಬ ಬಾಬಿನಲ್ಲಿ. ಬಾಗಿಲು ಮುಚ್ಚುವುದು ತುರ್ತು, ಹತ್ತೊಂಬತ್ತು ಜನ ನಡೆಯುವುದು ತುರ್ತಲ್ಲ. ಹಾಗೆ ಯಾವ ನಿಯಮದಲ್ಲಿದೆ, ಅಧಿಕಾರಿಗಳೇ? ಅಧ್ಯಕ್ಷರೇ, ನಿಮ್ಮನ್ನು ಆರಿಸಿದ ಜನ ಎನ್ನುತ್ತೀರಲ್ಲ, ಆ ಜನದಲ್ಲಿ ಅಕ್ಕನೂ ಒಬ್ಬಳು. ಅಂದು ಅವಳು ಎರಡು ಕಾಲಿನಲ್ಲಿ ಸಾಲು ನಿಂತು ಮತ ಹಾಕಿ ಬಂದಿದ್ದಳು.

ಕಳೆದ ವಾರ ಕಾಲು ಮೇಷ್ಟ್ರು ಅಳತೆ ನೋಡಿ ತಲೆಯಾಡಿಸಿದರು. "ನಾಲ್ಕು ತಿಂಗಳಾಯ್ತಲ್ಲಮ್ಮ, ಊತ ಇಳಿದು ಕಾಲು ಸಣ್ಣಗಾಗಿದೆ. ಆ ಅಚ್ಚು ಇನ್ನು ಕೂರಲ್ಲ." ಉಳಿದಿದ್ದ ಪ್ಲಾಸ್ಟರಿನಲ್ಲಿ ಇನ್ನೊಂದು ಅಚ್ಚು ತೆಗೆದರು. ಇದೂ ಹಳತಾದರೆ ಮತ್ತೆ ತೆಗೆಯಲು ಅವರ ಬಳಿ ಪ್ಲಾಸ್ಟರಿಲ್ಲ. ಆ ದಿನ ಮನೆಗೆ ಬಂದು ಐದನೆಯ ಬೀಗದ ಕಥೆಯನ್ನು ಅಕ್ಕನಿಗೆ ಹೇಳಿದೆ. ಅಲ್ಲಿಯವರೆಗೆ ಮುಚ್ಚಿಟ್ಟಿದ್ದೆ. "ಅದು ನಿನ್ನ ಐಡಿಯಾನಾ?" ಎಂದಳು, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು. ಅಂದಿನಿಂದ ನನಗೆ ಅಂಗಡಿಯಲ್ಲಿ ಕೂರಲಾಗುತ್ತಿಲ್ಲ, ನಾಚಿಕೆಯಾಗುತ್ತದೆ. ಆ ಎರಡು ಬೀಗಗಳನ್ನು ಎರಡು ನಿಮಿಷದಲ್ಲಿ ತೆಗೆಯಬಲ್ಲೆ. ಆ ಯೋಚನೆ ಬಂದಿಲ್ಲ ಎಂದು ಸುಳ್ಳು ಹೇಳುವುದಿಲ್ಲ. ಆದರೆ ತೆಗೆದು ಏನು ಮಾಡಲಿ? ಫೈಲಿನ ಮೇಲೆ ನಿಮ್ಮ ಸಹಿ ಹಾಕುವ ಉಪಕರಣ ನನ್ನ ಪೆಟ್ಟಿಗೆಯಲ್ಲಿಲ್ಲ.

ಆದ್ದರಿಂದ ಕೇಳುವುದು ಇಷ್ಟೇ. ಈ ಶುಕ್ರವಾರ ಬೆಳಿಗ್ಗೆ ಹನ್ನೊಂದಕ್ಕೆ ಇಬ್ಬರೂ ನಿಮ್ಮ ನಿಮ್ಮ ಕೀಲಿ ಹಿಡಿದು ಆ ಬಾಗಿಲಿಗೆ ಬನ್ನಿ. ತಿಂಗಳು ಮುಗಿಯಲು ಆಗ ಹತ್ತೊಂಬತ್ತು ದಿನವಿರುತ್ತದೆ, ಮೇಷ್ಟ್ರಿಗೆ ಬೇಕಾಗಿರುವುದು ಹದಿನೇಳು. ಯಾರು ಮೊದಲು ಎಂಬ ಪ್ರಶ್ನೆ ಬಾರದಂತೆ ನಾನು ಎರಡು ಪೆನ್ನು ತರುತ್ತೇನೆ, ಒಟ್ಟಿಗೇ ಹಾಕಿ. ಆಮೇಲೆ ನಿಮ್ಮ ಜಗಳವನ್ನು ಎಲ್ಲಿಗೆ ಬೇಕಾದರೂ ಒಯ್ಯಿರಿ, ನ್ಯಾಯಾಲಯಕ್ಕೋ ಮೇಲಿನವರ ಬಳಿಗೋ.

ಬಾಗಿಲ ಬಳಿ ಅಕ್ಕ ಇರುತ್ತಾಳೆ. ಬೇಡವೆಂದರೂ ಕೇಳುತ್ತಿಲ್ಲ. ಶಾಖೆ ಇರುವುದು ಮೂರನೆಯ ಮಹಡಿಯಲ್ಲಿ. ಲಿಫ್ಟ್ ಕೆಟ್ಟು ನಿಂತಿದೆ, ಅದರ ರಿಪೇರಿಯ ಫೈಲೂ ಒಳಗೇ ಇದೆ. ಒಟ್ಟು ಅರವತ್ತಾರು ಮೆಟ್ಟಿಲು. ನಿನ್ನೆ ಊರುಗೋಲು ಹಿಡಿದು ನಮ್ಮ ಮನೆಯ ಹನ್ನೊಂದು ಮೆಟ್ಟಿಲು ಹತ್ತಿ ನೋಡಿದಳು, ಕಾಲು ಗಂಟೆ ಹಿಡಿಯಿತು. ಅದಕ್ಕೇ ಶುಕ್ರವಾರ ಒಂಬತ್ತಕ್ಕೆ ಹತ್ತಲು ಶುರು ಮಾಡುತ್ತಾಳಂತೆ. ನಿಮ್ಮಿಬ್ಬರ ಕೋಣೆಗಳೂ ಅದೇ ಮಹಡಿಯಲ್ಲಿವೆ. ಒಬ್ಬರ ಕೋಣೆಯಿಂದ ಆ ಬಾಗಿಲಿಗೆ ಹದಿನಾಲ್ಕು ಹೆಜ್ಜೆ, ಇನ್ನೊಬ್ಬರ ಕೋಣೆಯಿಂದ ಹದಿನೇಳು. ಯಾರದು ಹತ್ತಿರ ಎಂದು ಮಾತ್ರ ನಾನು ಬರೆಯುವುದಿಲ್ಲ.

ಇಂತಿ,
ಇಬ್ಬರಿಗೂ ಒಪ್ಪಿಗೆಯಾಗುವಂತೆ ಕೆಲಸ ಮಾಡಿಕೊಟ್ಟು ಕೆಟ್ಟವನು,
ಎದುರು ಸಾಲಿನ ಬೀಗದಂಗಡಿಯವನು