ಅವ್ವನ ಡಬ್ಬ್ಯಾಗಿನ ಗುಳಿಗಿ

ಉದಗೀರ
13 ನವೆಂಬರ್ 2025, ಗುರುವಾರ

ಶುಭಾಂಗಿ ಅಕ್ಕಗ ನಿನ್ನ ತಮ್ಮ ಭೀಮಾಶಂಕರ ಬರಿಯೋದು,

ನೀ ಹ್ಯಾಂಗದೀ ಅಂತ ಕೇಳಂಗಿಲ್ಲ. ಕೇಳಿದರ ಹೇಳಾಕಿನೂ ಅಲ್ಲ ನೀ. ಅವ್ವಗ ಮಣ್ಣ ಕೊಟ್ಟ ದಿನದಿಂದ ನನ್ನ ನಂಬರ ಬಂದ್ ಮಾಡಿಟ್ಟೀದಿ. ಮಾಮಾನ ಫೋನಿಗಿ ಹಚ್ಚಿದರ ನಿನ್ನ ಅತ್ತಿ, ನಮ್ಮ ಆಯಿ ಎತ್ತತಾಳ, ನನ್ನ ದನಿ ಕೇಳಿ ಇಟ್ಟಬಿಡತಾಳ. ಅದಕ್ಕ ಈ ಚೀಟಿ. ಉಮರಗಾಕ್ಕ ಜೀಪ ಹೊಡಿಯೋ ವೈಭವನ ಕೈಯಾಗ ಕೊಟ್ಟೀನಿ. ಅಕ್ಕನ ಕೈಯಾಗೇ ಕೊಡು, ಆಯಿ ಕೈಗಿ ಸಿಕ್ಕರ ನಿನ್ನ ನಾಕೂ ಟಾಯರ ಸೀಳತೀನಿ ಅಂತ ಹೇಳೀನಿ. ಅಪ್ಪ ವಚನದ ಪುಸ್ತಕ ಮುಂದಿಟ್ಟು ನಮ್ಮಿಬ್ಬರಿಗಿ ಕಲಿಸಿದ ಕನ್ನಡ ಅಕ್ಷರದಾಗ ಬರದೀನಿ. ಆ ಮನ್ಯಾಗ ಇದು ಓದಾಕ ಬರೋದು ನಿನಗೊಬ್ಬಾಕಿಗೇ. ನಾ ಒಂಬತ್ತನೇದಾಗ ಸಾಲಿ ಬಿಟ್ಟಾಂವ, ತಪ್ಪಿದ್ದರ ನೀನೇ ತಿದ್ದಕೋ.

ಸೋಮವಾರ ಮುಂಜಾನಿ ಮಾಮಾಗ ಗುಳಿಗಿ ಚಾಲೂ ಮಾಡತೀರಂತ. ವೈಭವನೇ ಹೇಳಿದ. ಅವ್ವಗ ಆದ ಕರುಳಿನ ಗಂಟೇ ಅವಗೂ ಆಗ್ಯಾದ, ಆಪರೇಶನ್ ಆಗ್ಯಾದ, ಇನ್ನ ಕ್ಯಾನ್ಸರದ ಗುಳಿಗಿ. ಲಿಂಗಪೂಜಿ ಮಾಡಿ, ಪಾದೋದಕ ತಗೊಂಡು, ಆಮ್ಯಾಲ ಗುಳಿಗಿ. ಅವ್ವಗೂ ಹಂಗೇ ಸೋಮವಾರ ನೋಡೇ ಚಾಲೂ ಮಾಡಿದ್ದಿವಿ. ಡಾಕ್ಟರ ಬರದ ಹೆಸರೂ ಅವ್ವನ ಗುಳಿಗಿ ಹೆಸರೂ ಒಂದೇ ಅದ ಅಂತ, ಆಕಿ ಸ್ಟೀಲ ಡಬ್ಬ್ಯಾಗ ಉಳಿದದ್ದು ಮೊದಲ ಕೊಡತೀರಂತ. ಆಕಿ ಸತ್ತ ಮೂರನೇ ದಿನ ಸೀರಿ ಜೋಡಿ ಆ ಡಬ್ಬಿ ನೀ ಒಯ್ಯೋದು ನಾ ನೋಡೀನಿ. ದವಾ ಹಾಳಾಗಿ ಹೋಗಬಾರದು, ಯಾರಿಗಾದರೂ ಬರತದ ಅಂದಿದ್ದಿ. ಬಂತ ನೋಡ, ನಿನ್ನ ಗಂಡಗೇ ಬಂತು.

ಅಕ್ಕಾ, ಕೊಡಬ್ಯಾಡ. ಡಬ್ಬ್ಯಾಗಿಂದೂ ಬ್ಯಾಡ, ಅಂಗಡ್ಯಾಗಿನ ಹೊಸಾದೂ ಬ್ಯಾಡ. ಮೊದಲ ಅವನ ರಕ್ತ ತಪಾಸ ಆಗಲಿ.

ಅವ್ವ ಕ್ಯಾನ್ಸರದಾಗ ಸತ್ತಳು ಅಂತ ನೀವೆಲ್ಲಾ ತಿಳದೀರಿ. ಅಲ್ಲ. ಆಪರೇಶನ್ ಆಗಿ ತಿಂಗಳದಾಗ ಆಕಿ ಮತ್ತ ರೊಟ್ಟಿ ಬಡಿಯಾಕತ್ತಿದ್ದಳು. ಗುಳಿಗಿ ಚಾಲೂ ಆಗಿ ನಾಕನೇ ದಿನ ಬಾಯಿ ತುಂಬ ಹುಣ್ಣ. ಐದನೇ ದಿನ ಜುಲಾಬ, ನಿಲ್ಲಲೇ ಇಲ್ಲ. ಏಳನೇ ದಿನ ಅಂಗೈ ಕೆಂಪಾಗಿ ಚರ್ಮ ಸುಲೀತು. ಲಿಂಗ ಹಿಡಿಯಾಕ ಆಗವಲ್ದು. ಅಂಗೈ ಮ್ಯಾಲ ಬಾಳಿಎಲಿ ತುಂಡ ಇಟಗೊಂಡು, ಅದರ ಮ್ಯಾಲ ಲಿಂಗ ಇಟ್ಟು ಪೂಜಿ ಮಾಡಿದಳು. ಲಿಂಗಕ್ಕ ನಾ ಬ್ಯಾಡಾಗೀನೇನೋ ಭೀಮ್ಯಾ ಅಂತ ಕೇಳಿದಳು. ನಾ ದವಾಖಾನಿಗಿ ಫೋನ್ ಹಚ್ಚಿದೆ. ಎತ್ತಿದ ಕಂಪೌಂಡರ, ಈ ದವಾಕ್ಕ ಇಷ್ಟ ತಕಲೀಫ ಇರೋದೇ ಅಂದ. ಜಳಕೋಟ ಕಡಿ ಒಬ್ಬಾಕಿ ಎಪ್ಪತ್ತ ವರ್ಷದ ಮುದುಕಿ, ಇದೇ ಗುಳಿಗಿ ನುಂಗಿ ಮಗನ ಲಗ್ನದಾಗ ಹೋಳಿಗಿ ತಟ್ಯಾಳ, ನಿಮ್ಮವ್ವ ಏನ ರಾಣಿ ಏನು ಅಂದ. ಅವ್ವ ಹಟದಾಕಿ. ಒಂಬತ್ತು ದಿನ ತಾನೇ ನುಂಗಿದಳು.

ಹತ್ತನೇ ದಿನ ಮೈ ಕೆಂಡ ಆಗಿತ್ತು. ಲಾತೂರಕ್ಕ ಒಯ್ದೆ. ಅಲ್ಲಿ ಒಬ್ಬಾಕಿ ಸಣ್ಣ ವಯಸ್ಸಿನ ಡಾಕ್ಟರೀಣ ಅವ್ವನ ಅಂಗೈ ನೋಡಿ, ಎಷ್ಟ ದಿನದ ಗುಳಿಗಿ ಅಂತ ಕೇಳಿದಳು. ಒಂಬತ್ತು ಅಂದೆ. ಆಕಿ ಮಾರಿ ಸಣ್ಣದಾಯಿತು. ಮೈಯಾಗ ಈ ದವಾ ಕರಗಿಸಿ ಹೊರಗ ಹಾಕೋದು ಒಂದು ಇರತದಂತ. ಕೆಲವರಿಗಿ ಅದು ಹುಟ್ಟಿಂದ್ಲೇ ಕಮ್ಮಿ. ಅವರ ಮೈಯಾಗ ದವಾ ಹೊರಗ ಹೋಗದಂಗ ತುಂಬಕೋತ ಹೋಗತದ. ಒಬ್ಬರಿಗಿ ಕೊಟ್ಟದ್ದು ನಾಕ ಮಂದಿದು ಕೊಟ್ಟಂಗ ಆಗತದ. ಮೊದಲೇ ರಕ್ತ ತಪಾಸ ಮಾಡಿದರ ತಿಳೀತದಂತ.

ನಾ ದಾಳ ಮಿಲ್ಲಿನಾಗ ರೋಲರ ಮ್ಯಾಲ ನಿಲ್ಲಾಂವ. ವಲಾಂಡಿ ತೊಗರಿ ಬ್ಯಾರೆ, ಲೋಹಾರಾ ತೊಗರಿ ಬ್ಯಾರೆ. ರೋಲರ ಒಂದೇ ಬಿಗಿ ಇಟ್ಟರ ಒಂದು ಚೊಲೋ ದಾಳ ಆಗತದ, ಇನ್ನೊಂದು ನುಚ್ಚಾಗಿ ದನಕ್ಕ ಹೋಗತದ. ಅದಕ್ಕ ಹೊಸಾ ಮಾಲ ಬಂದರ ನಮ್ಮ ಮುಕಾದಮ ಜಗದೇವಪ್ಪ ಮೊದಲ ಒಂದ ಬೊಗಸಿ ಹಾಕಿ ನೋಡತಾನ. ತೊಗರಿಗಿ ಮಾಡೋದು ಅವ್ವಗ ಯಾರೂ ಮಾಡಲಿಲ್ಲ.

ಆ ಡಾಕ್ಟರೀಣ ರಕ್ತ ಕಳಸಿದಳು. ರಪೋಟ ಬರೋದರಾಗ ಅವ್ವ ಮಣ್ಣಾಗಿದ್ದಳು. ಡಾಕ್ಟರೀಣೇ ಫೋನ್ ಮಾಡಿ, ನಿಮ್ಮವ್ವಗ ಅದು ಭಾಳ ಕಮ್ಮಿ ಇತ್ತು, ಇದು ರಕ್ತದಾಗ ಬರತದ, ಆಕಿ ಅಣ್ಣತಮ್ಮರಿಗಿ, ಮಕ್ಕಳಿಗಿ ತಪ್ಪದ ಹೇಳು ಅಂದಳು. ನಾ ಹೇಳಲಿಲ್ಲ. ನಾಕ ತಿಂಗಳ ಆ ಕಾಗದ ಹಾಸಗಿ ಕೆಳಗ ಇಟಗೊಂಡು ಮಲಗೀನಿ. ಯಾಕಂದರ ನೀ ಗುಂಡಿ ಮುಂದ ನಿಂತು, ಊರ ಮಂದಿ ಎದುರಿಗಿ, ಅವ್ವನ ನೀರ ಕುಡಿಸದ ಕೊಂದಾಂವ ಅಂತ ನನಗ ಅಂದಿದ್ದಿ. ಆಯಿ ಅಂತೂ, ಇವ ಕುಡುದು ಬಿದ್ದಿರಬೇಕು ಅಂದಳು. ಸಾಯಲಿ ಎಲ್ಲಾರೂ ಅಂದಕೊಂಡೆ. ಆಗ ಮಾಮಾಗ ಏನೂ ಆಗಿರಲಿಲ್ಲ. ಇದು ನನ್ನ ಗಲತಿ, ಮಾಫಿ ಕೇಳಂಗಿಲ್ಲ, ಕೇಳಿದರ ಸಿಗೋದೂ ಅಲ್ಲ.

ಇನ್ನೊಂದು ಕೇಳ. ಮನಿ ಹೆಣ್ಣು ಮನ್ಯಾಗೇ ಇರಲಿ ಅಂತ ನಿನ್ನ ಅವ್ವನ ಸ್ವಂತ ತಮ್ಮಗೇ ಕೊಟ್ಟರು. ಹೊಲ ಮನ್ಯಾಗ ಉಳೀತು, ರಕ್ತಾನೂ ಉಳೀತು. ಮಾಮಾಗ ಇರಬಹುದು, ನಿನಗ ಇರಬಹುದು. ನಿಮ್ಮ ಮಗಳು ಸ್ವಪ್ನಾಲಿಗಿ ಎರಡೂ ಕಡಿಂದ ಬಂದಿರಬಹುದು. ಇದು ಯಾರದೂ ಪಾಪ ಅಲ್ಲ, ಇದರಲೇ ರೋಗಾನೂ ಬರಂಗಿಲ್ಲ. ಈ ಒಂದು ಜಾತಿ ದವಾ ಕೊಟ್ಟಾಗ ಅಷ್ಟೇ ಕೊಲ್ಲತದ. ಕೂಸಿನ ದವಾಖಾನಿ ಕಾಗದದ ಜೋಡಿ ಅವ್ವನ ಈ ರಪೋಟಾನೂ ಇಡು.

ಇಲಾಜ ಬಿಟ್ಟಬಿಡ್ರಿ ಅಂತ ನಾ ಹೇಳವಲ್ಲೆ. ಬಿಟ್ಟರ ಗಂಟು ಕೊಲ್ಲತದ. ರಪೋಟ ಈ ಚೀಟಿಗಿ ಟಾಚಣಿ ಚುಚ್ಚೀನಿ. ಶನಿವಾರ ಮಾಮಾನ ಕರಕೊಂಡು ಅವನ ಡಾಕ್ಟರ ಮುಂದ ಇಡು. ಇವರ ಅಕ್ಕ ಇದೇ ಗುಳಿಗಿಲೇ ಸತ್ತಾಳ ಅಂತ ಬಾಯಿಬಿಟ್ಟು ಹೇಳು. ಕಮ್ಮಿ ಇದ್ದರ ದವಾ ಕಮ್ಮಿ ಕೊಡತಾರ, ಇಲ್ಲಾ ಬ್ಯಾರೇದು ಕೊಡತಾರ. ಮಾಮಾ ಸೋಮವಾರದ ಮುಹೂರ್ತ ತಪ್ಪತದ ಅಂದರ, ಮುಂದಿನ ವಾರಾನೂ ಸೋಮವಾರ ಬರತದ ಅನ್ನು.

ಮಾಮಾಗ ಓದಿ ಹೇಳು. ಡಬ್ಬಿ ಖಾಲಿ ಮಾಡು.

ನಿನ್ನ ತಮ್ಮ, ನೀ ಒಪ್ಪು ಬಿಡು,
ಭೀಮ್ಯಾ

ತಾ.ಕ.: ಈ ಕೆಳಗಿಂದು ಯಾರಿಗೂ ಓದಿ ಹೇಳಬ್ಯಾಡ. ಅವ್ವ ತಾನೇ ನುಂಗಿದಳು ಅಂತ ಬರದದ್ದು ಸುಳ್ಳು. ಎಂಟನೇ ದಿನ ಗುಳಿಗಿ ತಾಟಿನಾಗ ಉಗುಳಿ, ಬ್ಯಾಡೋ ಅಂತ ಆ ಸುಲಿದ ಕೈಲೇ ನನಗ ಕೈ ಮುಗಿದಳು. ಕೋರ್ಸ ಮುರೀಬಾರದು ಅಂತ ನಾ ಗುಳಿಗಿ ಅರದು ನೀರಾಗ ಕಲಸಿ, ಸ್ವಾಮಿಗಳ ಪಾದೋದಕ ತಂದೀನಿ ಅಂತ ಕೊಟ್ಟೆ. ಎರಡು ದಿನ ಹಂಗೇ ಕೊಟ್ಟೆ. ಆಕಿ ಬಟ್ಟಲ ಕಣ್ಣಿಗೊತ್ತಿಕೊಂಡು ಕುಡದಳು. ಬಾಯಿ ತುಂಬ ಹುಣ್ಣಿದ್ದರೂ ಒಂದ ಹನಿ ಕೆಳಗ ಬೀಳಗೊಡಲಿಲ್ಲ.