ಅತ್ತೆಯ ಹಣೆಯ ಗೆರೆಗಳು

ಪ್ರೀತಿಯ ಅತ್ತೆಗೆ,

ಮುಂದಿನ ವಾರ ನೀವು ಆಸ್ಪತ್ರೆ ಸೇರಿದ ಮೇಲೆ ಕಣ್ಣು ಕಾಣದ ಮಾವನ ಕೈಗೆ ನಿಮ್ಮ ಮುಖ ಸಿಗಲಿ ಎಂದು ಮಾಡಿದ ಹಲಗೆ ಇವತ್ತು ಯಂತ್ರದಿಂದ ಹೊರಬಂತು. ನಿಮ್ಮ ಮುಖ ಸ್ಕ್ಯಾನ್ ಮಾಡಿದ ಫೈಲಿನಲ್ಲಿ ಬಿಳಿ ಇದ್ದಲ್ಲಿ ಮರ ಉಬ್ಬಿ ನಿಲ್ಲುತ್ತದೆ, ಕಪ್ಪಿದ್ದಲ್ಲಿ ಲೇಸರ್ ಆಳಕ್ಕೆ ಸುಡುತ್ತದೆ. ನಿಮ್ಮ ಸುಕ್ಕುಗಳೆಲ್ಲ ಕಪ್ಪು ಎಳೆಗಳಾಗಿ ಬಂದಿದ್ದವು. "ಅವನ್ನೆಲ್ಲ ಅಳಿಸಿಬಿಡೇ, ಅವರಿಗೇನು ಗೊತ್ತಾಗುತ್ತೆ" ಅಂದಿರಿ. ನಾನೂ ಮಹಾ ಜಾಣೆಯಂತೆ ಹಣೆ, ಕೆನ್ನೆ ಎಲ್ಲ ನುಣ್ಣಗೆ ಮಾಡಿಬಿಟ್ಟೆ.

ಮಾವ ನನ್ನ ಅಂಗಡಿಗೆ ಬಂದು ಹಲಗೆಯನ್ನು ನಿಧಾನವಾಗಿ ಸವರಿದರು. "ಚೆನ್ನಾಗಿದ್ದಾಳೆ. ಯಾರಮ್ಮ ಈ ಹುಡುಗಿ?" ಎಂದರು. ನನಗೆ ನಗು ಬಂತು, ಅವರಿಗೆ ಬರಲಿಲ್ಲ. ನನ್ನ ಬೆರಳು ಹಿಡಿದು ತಮ್ಮ ಹುಬ್ಬುಗಳ ನಡುವೆ ಇಟ್ಟುಕೊಂಡು, "ಅವಳಿಗೆ ಇಲ್ಲಿ ಎರಡು ಗೆರೆ. ನಾನು ಸುಳ್ಳು ಹೇಳಿದ್ರೆ ಮೂರು" ಎಂದರು.

ಹಳೆಯ ಸ್ಕ್ಯಾನ್ ಮೇಲೆಯೇ ಅಳಿಸಿ ಸೇವ್ ಮಾಡಿದ್ದೇನೆ, ಆ ಗೆರೆಗಳು ಇನ್ನು ವಾಪಸ್ ಬರುವುದಿಲ್ಲ, ತಪ್ಪು ನನ್ನದೇ. ಈ ಗುರುವಾರ ಬೆಳಿಗ್ಗೆ ಇನ್ನೊಮ್ಮೆ ಬಂದು ಕುಳಿತುಕೊಳ್ಳಿ. ಪೌಡರ್ ಬೇಡ. ಮಾವನೂ ಬರುತ್ತಾರಂತೆ. ಸ್ಕ್ಯಾನ್ ಮಾಡುವಾಗ ಪಕ್ಕದಲ್ಲೇ ಕೂತು ಒಂದು ಸುಳ್ಳು ಹೇಳುತ್ತಾರಂತೆ. ಅವರಿಗೆ ಮೂರೂ ಗೆರೆ ಬೇಕಂತೆ.

ಇಂತಿ,
ನಿಮ್ಮ ಅಣ್ಣನ ಮಗಳು