ದೋಣಿಯ ಹಿಂಬದಿಯ ಹೆಸರು

ಕ್ಲಾರ್ಕ್ಸ್ ಹಾರ್ಬರ್, ನೋವಾ ಸ್ಕೋಷಿಯಾ
ಮೇ ೧೨, ಭಾನುವಾರ ಮಧ್ಯಾಹ್ನ

ಪ್ರೀತಿಯ ಮಾರ್ಜರಿ ಅಕ್ಕಾ,

ನಿನ್ನ ಮಂಡಿನೋವು ಈಗ ಹೇಗಿದೆ? ಕೆಲಸಗಾರರ ಕ್ಯಾಂಪಿನ ಅಡುಗೆಮನೆಯ ಸಿಮೆಂಟು ನೆಲದ ಮೇಲೆ ದಿನವಿಡೀ ನಿಂತಿರುತ್ತೀಯ, ಬೂಟಿನೊಳಗೆ ಮೆತ್ತನೆಯದೇನಾದರೂ ಹಾಕಿಕೋ. ನಿಮ್ಮ ಆಲ್ಬರ್ಟಾದಲ್ಲಿ ಇನ್ನೂ ಹಿಮ ಬೀಳುತ್ತಿದೆಯೇ ಎಂದು ಅಪ್ಪ ಕೇಳಿದರು. ಅವರು ಆರಾಮಾಗಿದ್ದಾರೆ. ಶನಿವಾರ ಬೀನ್ಸ್ ಬೇಯಿಸಿಕೊಟ್ಟರೆ ಈಗಲೂ ನಿನ್ನ ಕೈರುಚಿ ಬರಲಿಲ್ಲ ಎಂದೇ ತಿನ್ನುತ್ತಾರೆ. ಇವತ್ತು ತಾಯಂದಿರ ದಿನ, ಚರ್ಚಿನಲ್ಲಿ ಹೂ ಹಂಚಿದರು. ವರ್ನಾ ಬಂದಿರಲಿಲ್ಲ.

ಕಳೆದ ವಾರ ಫೋನಿನಲ್ಲಿ ನೀನು, "ದೋಣಿ ಮೇಲಿನ ಆ ಹೆಸರು ಕೆರೆದು ಹಾಕೋ, ಕೆಡುಕು ಬಂದ್ರೆ ನನಗೆ ಬರ್ಲಿ" ಅಂದೆ. ಅಪ್ಪ ಪಕ್ಕದಲ್ಲೇ ಕೂತಿದ್ದರಿಂದ ಹೂಂ ಅಂದು ಇಟ್ಟುಬಿಟ್ಟೆ. ಅದು ಅಷ್ಟು ಸುಲಭವಲ್ಲ ಅಕ್ಕಾ. ನಿನಗೆ ಗೊತ್ತಿರುವುದು ಅರ್ಧ ಮಾತ್ರ. ಉಳಿದದ್ದನ್ನು ಅಕ್ಕನಿಗೆ ಬರೆಯುವುದು ಹೇಗೆ ಎಂದು ಎರಡು ಸಲ ಕಾಗದ ಹರಿದೆ. ಬೇರೆ ಯಾರಿಗೆ ಬರೆಯಲಿ?

ನನಗೆ ಬಹಳ ವರ್ಷದಿಂದ ಸಂಜೆಯಾದರೆ ಎಡಗಡೆ ಕೆಳಗೆ ಎಳೆದ ಹಾಗೆ ನೋವು ಬರುತ್ತಿತ್ತು, ದಿನವೆಲ್ಲ ದೋಣಿಯಲ್ಲಿ ನಿಂತು ಸಮುದ್ರದಿಂದ ಲಾಬ್‌ಸ್ಟರ್ ಬೋನು ಎತ್ತಿದ ಮೇಲಂತೂ ಹೆಚ್ಚು. ಮಲಗಿದರೆ ಹೋಗುತ್ತಿತ್ತು. ಒಮ್ಮೆ ಅಪ್ಪನಿಗೆ ಹೇಳಿದ್ದೆ. "ಬೋನು ಎತ್ತೋ ಗಂಡಸಿಗೆ ಅದೆಲ್ಲ ಇದ್ದದ್ದೇ ಕಣೋ, ಅದಕ್ಕೂ ಡಾಕ್ಟರ ಹತ್ರ ಚಡ್ಡಿ ಬಿಚ್ಚಿದ್ರೆ ದೋಣಿ ಧಕ್ಕೆಯವರೆಲ್ಲ ನಕ್ಕು ಸಾಯ್ತಾರೆ" ಅಂದರು. ನಾನೂ ಸುಮ್ಮನಾದೆ. ನಮ್ಮ ಮದುವೆಯಾದ ಮೇಲಿನ ಆ ವರ್ಷಗಳಲ್ಲಿ ಎಲ್ಲರ ಕಣ್ಣು ವರ್ನಾಳ ಮೇಲೇ ಇತ್ತು. ಚರ್ಚಿನ ಹೆಂಗಸರು ಅವಳ ಹೊಟ್ಟೆ ನೋಡಿ, "ಇನ್ನೂ ಏನೂ ಇಲ್ವೇನೇ?" ಎಂದು ಕೇಳುತ್ತಿದ್ದರು. ಪರೀಕ್ಷೆಗಳೆಲ್ಲ ಅವಳಿಗೇ ಆದವು. ಅವಳಲ್ಲಿ ಏನೂ ತೊಂದರೆ ಇರಲಿಲ್ಲ. ಆಮೇಲೆ ನನ್ನನ್ನು ನೋಡಿದರು. ಎಡಬೀಜದ ಸುತ್ತಲಿನ ರಕ್ತನಾಳಗಳು ಊದಿಕೊಂಡು ಗಂಟುಗಂಟಾಗಿವೆ, ಅದಕ್ಕೆ ವೆರಿಕೋಸೀಲ್ ಅನ್ನುತ್ತಾರೆ ಎಂದರು ಡಾಕ್ಟರು. ಅಮ್ಮನ ಮೀನಖಂಡದಲ್ಲಿ ನೀಲಿ ನರ ಉಬ್ಬುತ್ತಿತ್ತಲ್ಲ, ಅಂಥದ್ದೇ. ರಕ್ತ ನಿಂತು ಅಲ್ಲಿ ಬಿಸಿ ಹೆಚ್ಚುತ್ತದೆ, ವೀರ್ಯದ ಕಣಗಳು ಕೆಡುತ್ತವೆ. ನನ್ನಲ್ಲಿ ಬಹಳ ಕಡಿಮೆ ಇದ್ದವು, ಇದ್ದವೂ ಸರಿಯಾಗಿ ಚಲಿಸುತ್ತಿರಲಿಲ್ಲ. ಭಾರ ಎತ್ತಿದ್ದಕ್ಕೇ ಬಂತೇ ಎಂದು ಕೇಳಿದೆ. ಹಾಗೆ ಹೇಳಲಾಗುವುದಿಲ್ಲ, ಎಷ್ಟೋ ಗಂಡಸರಿಗೆ ಇರುತ್ತದೆ, ಹಲವರಿಗೆ ಮಕ್ಕಳೂ ಆಗುತ್ತವೆ ಎಂದರು. ಅಷ್ಟಾದರೂ ವರ್ನಾ ಊರಲ್ಲಿ ಬಾಯಿ ಬಿಡಲಿಲ್ಲ. "ಧಕ್ಕೆಯವರ ಬಾಯಿಗೆ ನಿನ್ನನ್ನ ಹಾಕ್ಲಾ? ನಂಗಾದ್ರೆ ಕೇಳಿ ಕೇಳಿ ಅಭ್ಯಾಸ ಆಗಿದೆ" ಅಂದಳು.

ಎರಡು ವರ್ಷದ ಹಿಂದೆ ಸೀಸನ್ನು ಮುಗಿದ ಮೇಲೆ ಹರ್ನಿಯಾ ಎಂದು ಹೇಳಿ ಹ್ಯಾಲಿಫ್ಯಾಕ್ಸಿಗೆ ಹೋದೆನಲ್ಲ, ಅದು ಈ ಆಪರೇಷನ್ನು. ತೊಡೆಯ ಸಂದಿನಲ್ಲಿ ಚಿಕ್ಕದೊಂದು ಗಾಯ, ಅಷ್ಟೇ. ಚಳಿಗಾಲದ ಹೊತ್ತಿಗೆ ಪರೀಕ್ಷೆಯಲ್ಲಿ ಕಣಗಳ ಎಣಿಕೆ ಏರಿದ್ದು ಕಂಡಿತು. ಮರುಬೇಸಿಗೆಯಲ್ಲಿ ವರ್ನಾ ಬಸುರಾದಳು. ಅಕ್ಟೋಬರಿನಲ್ಲಿ ಹೆಣ್ಣು ಎಂದು ಗೊತ್ತಾಯಿತು.

ನಮ್ಮ ಕಡೆ ದೋಣಿಗೆ ಮಕ್ಕಳ ಹೆಸರೇ ಇಡಬೇಕಲ್ಲ. ಅಪ್ಪನ ದೋಣಿಯಲ್ಲಿ ನಿನ್ನ ಹೆಸರು, ನನ್ನ ಹೆಸರು ಒಟ್ಟಿಗೆ ಇದ್ದವು. ನನ್ನ ದೋಣಿ ಬಂದ ದಿನದಿಂದ ಬರೀ ನಂಬರಿನಲ್ಲೇ ಓಡುತ್ತಿತ್ತು. ಪಕ್ಕದ ದೋಣಿಯ ವ್ಯಾಲೇಸ್ ಅಂತೂ ಎಲ್ಲರ ಮುಂದೆ, "ಏನಪ್ಪಾ, ನಿನ್ನ ದೋಣಿಗೆ ಹೆಸರು ಹುಟ್ಟೋದು ಯಾವಾಗ?" ಎಂದು ಕೇಳಿ ನಗಿಸುತ್ತಿದ್ದ. ಹಾಗಾಗಿ ನವೆಂಬರಿನಲ್ಲಿ, ಸೀಸನ್ನು ಶುರುವಾಗಿ ಬೋನು ಇಳಿಸುವ ದಿನಕ್ಕೆ ಮೊದಲು, ಹಿಂಬದಿಗೆ ಕೆಂಪಕ್ಷರದಲ್ಲಿ ಮಗಳಿಗೆಂದು ಆರಿಸಿದ್ದ ಹೆಸರು, ಹ್ಯಾಟಿ ರೋಸ್ ಎಂದು ಬರೆಸಿಬಿಟ್ಟೆ. ವರ್ನಾ ಧಕ್ಕೆಗೆ ಬಂದು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನೋಡಿದಳು. ಡಿಸೆಂಬರಿನಲ್ಲಿ ಮಗು ಹೊಟ್ಟೆಯಲ್ಲೇ ಹೋಯಿತು. ನನ್ನ ನರಗಳಿಗೂ ಅದಕ್ಕೂ ಸಂಬಂಧವಿಲ್ಲ ಎಂದರು ಡಾಕ್ಟರು. ನಂಬಬೇಕು.

ಅಂದಿನಿಂದ ನಡೆಯುತ್ತಿರುವುದೇ ಇದು. ಸಮುದ್ರದಲ್ಲಿ ಯಾರೂ ಆಲ್ಡೆನ್ ಎಂದು ಕೂಗುವುದಿಲ್ಲ, ರೇಡಿಯೋದಲ್ಲಿ ದೋಣಿಯ ಹೆಸರೇ ಕೂಗುತ್ತಾರೆ. ವ್ಯಾಲೇಸ್ ಪಾಪ ಕೆಲವು ದಿನ ನನ್ನ ಹೆಸರು ಹಿಡಿದೇ ಕರೆದ. ಮಂಜು ಕವಿದಾಗ ಹಾಗೆ ಮಾಡಲಾಗುತ್ತದೆಯೇ? "ಹ್ಯಾಟಿ ರೋಸ್, ಹ್ಯಾಟಿ ರೋಸ್, ಎಲ್ಲಿದ್ದೀಯ, ಕೇಳಿಸ್ತಿದ್ಯಾ?" ಎಂದು ಎಲ್ಲ ದೋಣಿಗಳಿಂದ ಕೂಗುತ್ತಾರೆ. ಎಲ್ಲರ ಮನೆಯಂತೆ ನಮ್ಮ ಅಡುಗೆಮನೆಯಲ್ಲೂ ಫ್ರಿಜ್ಜಿನ ಮೇಲೆ ದೋಣಿಗಳ ಮಾತು ಕೇಳಿಸುವ ರೇಡಿಯೋ ಇದೆ. ಆರಿಸಿದರೆ ನಾನು ಬದುಕಿದ್ದೇನೋ ಇಲ್ಲವೋ ವರ್ನಾಳಿಗೆ ತಿಳಿಯುವುದಿಲ್ಲ. ಹಾಕಿದರೆ ಆ ಹೆಸರು. ಅವಳು ಹಾಕಿಕೊಂಡೇ ಕೂರುತ್ತಾಳೆ. ನಾನು ಮನೆಗೆ ಬಂದಾಗ ಪಾತ್ರೆಗಳು ಬೆಳಿಗ್ಗೆ ಇದ್ದಲ್ಲೇ ಇರುತ್ತವೆ.

ನಿನ್ನ ಮಾತು ಕೇಳಿ ಗುರುವಾರ ಬಣ್ಣ ಕೆರೆಯುವ ಚಾಕು ಹಿಡಿದು ಧಕ್ಕೆಗೆ ಹೋದೆ. ದೋಣಿಯಲ್ಲಿ ನನ್ನ ಜೊತೆ ದುಡಿಯುವ ಕ್ಲೇಟನ್ ಅಲ್ಲೇ ಇದ್ದ. ದೋಣಿಯ ಹೆಸರು ಬದಲಿಸಿದರೆ ಸಮುದ್ರ ಬಿಡುವುದಿಲ್ಲ ಎಂದು ಅವನೂ ನಮ್ಮಂತೆಯೇ ನಂಬುವವನು. "ಕೆರೆಯೋದಾದ್ರೆ ಕೆರಿ ಆಲ್ಡೆನಣ್ಣ, ನಿನ್ನ ಸಂಕಟ ನಂಗೂ ಗೊತ್ತು. ಆದ್ರೆ ನಾಳೆಯಿಂದ ನನ್ನ ಕರೀಬೇಡ, ನಂಗೆ ಮೂರು ಮಕ್ಕಳಿದಾವೆ" ಅಂದ. ನಾನು ನಿಲ್ಲಿಸಿದ್ದು ಅವನ ಮಾತಿಗೆ ಹೆದರಿ ಅಲ್ಲ. ಮೊದಲ ಅಕ್ಷರದ ಅಂಚು ಎದ್ದು ಕೈಗೆ ಬಂದಾಗ ಮುಂದೆ ಕೈ ಓಡಲಿಲ್ಲ. ಅವಳದೆಂದು ಈ ಲೋಕದಲ್ಲಿ ಬರೆದಿರುವುದು ಅದೊಂದೇ. ಮನೆಗೆ ಬಂದೆ. ವರ್ನಾ ನನ್ನ ಉಗುರಲ್ಲಿದ್ದ ಕೆಂಪು ಬಣ್ಣ ನೋಡಿದಳು, ಟರ್ಪೆಂಟೈನಿನಲ್ಲಿ ಬಟ್ಟೆ ಅದ್ದಿ ಒರೆಸಿದಳು.

ಇನ್ನೊಂದು ವಿಷಯ. ಆ ನೋವು ಮತ್ತೆ ಬಂದಿದೆ. ಮಾರ್ಚಿನಲ್ಲಿ ತೋರಿಸಿದೆ, ನರಗಳು ಮತ್ತೆ ಊದಿವೆ, ಎಣಿಕೆಯೂ ಇಳಿದಿದೆ. ಮತ್ತೊಮ್ಮೆ ಆಪರೇಷನ್ ಮಾಡಬಹುದು, ಬೇರೆ ದಾರಿಗಳೂ ಇವೆ ಎಂದರು. ವರ್ನಾಳಿಗೆ ಹೇಳಿದೆ. "ಇನ್ನು ಸಾಕು" ಅಂದಳು. ಜಗಳವಿಲ್ಲ, ಅಳುವಿಲ್ಲ. ಆದ್ದರಿಂದ ಮಗುವಿನ ಸಣ್ಣ ಉಡುಪು ಹೆಣೆಯುತ್ತಿದ್ದರೆ ನಿಲ್ಲಿಸು ಅಕ್ಕಾ, ಅಥವಾ ಅಲ್ಲೇ ಯಾರಿಗಾದರೂ ಕೊಡು.

ಭಾವನಿಗೆ ನನ್ನ ನೆನಪು ಹೇಳು. ನೀನು ಬಂದಾಗ ಅಪ್ಪನ ಮುಂದೆ ಇದನ್ನೆಲ್ಲ ಎತ್ತಬೇಡ, ಅವರಿಗಿನ್ನೂ ಅದು ಹರ್ನಿಯಾ. ಮಂಡಿ ಜೋಪಾನ.

ನಿನ್ನ ತಮ್ಮ,
ಆಲ್ಡೆನ್

ತಾ.ಕ.: ಕಾಗದ ಮಡಿಸುತ್ತಿದ್ದೆ, ಅಷ್ಟರಲ್ಲಿ ಕ್ಲೇಟನ್‌ನ ಹೆಂಡತಿ ಫೋನ್ ಮಾಡಿದಳು. ಅವನ ಸೊಂಟ ಹಿಡಿದುಕೊಂಡಿದೆ, ಸೀಸನ್ನು ಮುಗಿಯುವವರೆಗೆ ಬರಲಾರ. ನೀನು ಅಪ್ಪನ ಜೊತೆ ಹೋಗುವಾಗ ಹಾಕುತ್ತಿದ್ದ ರಬ್ಬರಿನ ಅಂಗಿ, ಪ್ಯಾಂಟು ಯಾವ ಪೆಟ್ಟಿಗೆಯಲ್ಲಿವೆ? ಕಾಗದ ಕಂಡ ಕೂಡಲೇ ಫೋನ್ ಮಾಡು, ಅಲ್ಲಿಯವರೆಗೆ ವರ್ನಾ ನನ್ನವನ್ನೇ ಮಡಿಸಿ ಹಾಕಿಕೊಳ್ಳುತ್ತಾಳೆ. ಕ್ಲೇಟನ್ ಬದಲು ನಾಳೆ ಬೆಳಿಗ್ಗೆ ಅವಳೇ ನನ್ನ ಜೊತೆ ಬರುತ್ತಾಳೆ. ಹೆಸರು ಮುಟ್ಟಬೇಡ, ರೇಡಿಯೋ ಮಾತ್ರ ನನ್ನ ಕೈಗೆ ಕೊಡು ಅಂದಳು. "ಅವಳನ್ನ ದಿನಾ ಕೂಗ್ತಾರೆ ಆಲ್ಡೆನ್, ಓಗೊಡೋಕೆ ನಾನಿರ್ತೀನಿ" ಅಂದಳು.